ಬಗ್ಗಡದ ಘಾಟು ಬಲ್ಲ ಮಂಚಮ್ಮ

ಹೆಬ್ಬಾಳದ ಕಾರ್ಖಾನೆಗಳ ಹಿಂದೆ ಹೋಟೆಲುಗಳ ಎಂಜಲಿನಿಂದ ಗ್ಯಾಸ್ ಮಾಡುವ ಘಟಕವೊಂದಿದೆ. ಗ್ಯಾಸ್ ತೆಗೆದ ಮೇಲೆ ಉಳಿಯುವ ಕರಿ ಬಗ್ಗಡ ಏಳು ವರ್ಷಗಳಿಂದ ಮಂಚಮ್ಮನ ಪಾಲಿನದು. ಅದಕ್ಕೆ ಸುಣ್ಣ ಬೆರೆಸಿ, ಕಾಯಿಸಿ, ಎತ್ತರದ ಕೊಳವೆಯಲ್ಲಿ ಇಳಿಸುತ್ತಾ ಕೆಳಗಿನಿಂದ ಫ್ಯಾನಿನ ಗಾಳಿ ಹಾಯಿಸಬೇಕು. ಆಗ ಅಮೋನಿಯಾ ಘಾಟು ಹೊರಟು, ಪಕ್ಕದ ಆಸಿಡ್ ತೊಟ್ಟಿ ಸೇರಿ ಬಿಳಿ ಉಪ್ಪಾಗುತ್ತದೆ. ಆ ಉಪ್ಪು ಒಳ್ಳೆಯ ಗೊಬ್ಬರ. ಘಾಟು ಹೋದ ಬಗ್ಗಡವೂ ತೋಟಗಳಿಗೆ ಹೋಗುತ್ತದೆ. ಘಾಟು ಉಳಿದಿದ್ದರೆ ಅದೇ ಬಗ್ಗಡ ಬೇರು ಸುಡುತ್ತದೆ. ಅಳೆಯುವ ಮೀಟರ್ ಕೆಟ್ಟು ಎರಡು ವರ್ಷವಾಗಿತ್ತು. ರಿಪೇರಿ ಮಾಡಿಸಿ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಹಾಗಾಗಿ ಟ್ಯಾಂಕರ್ ತುಂಬುವ ಮೊದಲು ಒಂದು ಮಗ್ ಬಗ್ಗಡ ಎತ್ತಿ ಮೂಸುತ್ತಿದ್ದಳು. ಕಣ್ಣು ಉರಿದರೆ ಇನ್ನೊಂದು ಸುತ್ತು.

ಕಳೆದ ಗುರುವಾರ ಘಟಕ ನೋಡಲು ಯಾರೋ ದೊಡ್ಡವರು ಬರುವವರಿದ್ದರು. ವಾಸನೆ ಬಂದರೆ ಮರ್ಯಾದೆ ಹೋಗುತ್ತದೆಂದು ಮ್ಯಾನೇಜರ್ ಅಶ್ವತ್ಥ ಬೆಳಿಗ್ಗೆಯೇ ಫ್ಯಾನ್ ಆರಿಸಿ, ಗೇಟಿನಲ್ಲಿ ಸಾಂಬ್ರಾಣಿ ಹಾಕಿಸಿದ. ಇವತ್ತು ಬಗ್ಗಡ ಕಳಿಸಬಾರದು ಎಂದು ಮಂಚಮ್ಮ ಎರಡು ಸಲ ಹೇಳಿದಳು. ಸೀರೆ ಗಲೀಜಾಗಿದೆ ಎಂದು ಅವಳನ್ನೇ ಹಿಂದಿನ ಶೆಡ್ಡಿಗೆ ಅಟ್ಟಿದ. ಬಂದವರ ಮುಂದೆ ಟ್ಯಾಂಕರಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ರೈತ ಮಹದೇವುವಿನ ಸೇವಂತಿಗೆ ತೋಟಕ್ಕೆ ಕಳಿಸಿಯೇಬಿಟ್ಟ.

ಸೋಮವಾರ ಮಹದೇವು ಸುಟ್ಟ ಗಿಡಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಆಫೀಸಿನ ಮೇಜಿನ ಮೇಲೆ ಸುರಿದ. ಅಶ್ವತ್ಥ ಮಂಚಮ್ಮನನ್ನು ಒಳಗೆ ಕರೆಸಿದ.

“ನೀನ್ ಮೂಸಿರ್ತೀಯ ಅಂತ ನಂಬಿದ್ನಲ್ಲಕ್ಕ,” ಎಂದ.

ಆ ಮಾತು ಮಂಚಮ್ಮನಿಗೆ ಚುಚ್ಚಿತು. ಇವಳು ಸುಣ್ಣ ಹಾಕಲು ಮರೆತಳು ಎಂದು ಅಶ್ವತ್ಥ ಅವಳ ಮುಖ ನೋಡದೆಯೇ ಹೇಳಿದ. ತಪ್ಪೆಲ್ಲ ನನ್ನದೇ ಎಂದು ಅವಳ ಹೆಸರಿನಲ್ಲಿ ಟೈಪಾಗಿದ್ದ ಹಾಳೆಯನ್ನು ಮುಂದೆ ತಳ್ಳಿದ. ಸೈನ್ ಹಾಕಿದರೆ ಕೆಲಸ ಉಳಿಯುತ್ತದಂತೆ, ಇಲ್ಲದಿದ್ದರೆ ಇವತ್ತೇ ಕೊನೆಯಂತೆ.

“ಸುಮ್ನೆ ಹಾಕಮ್ಮ, ವಿಷ್ಯ ಮುಗಿಸ್ಬುಡಣ,” ಎಂದ ಮ್ಯಾನೇಜರ್.

ಮಂಚಮ್ಮ ಪೆನ್ನು ತೆಗೆದುಕೊಂಡು ಟೈಪಾದ ಸಾಲುಗಳಿಗೆಲ್ಲ ಅಡ್ಡಗೀಟು ಎಳೆದು, ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ಫ್ಯಾನ್ ಆರಿಸಿದ್ದು ಅಶ್ವತ್ಥ ಸಾರ್. ನನಗೆ ಮೂಸಲು ಬಿಡಲಿಲ್ಲ. ಸೈನ್ ಹಾಕಿ, ಹಾಳೆಯನ್ನು ಮಹದೇವುವಿನ ಕೈಗೆ ಕೊಟ್ಟಳು.

ನಾಳೆಯಿಂದ ಬರಬೇಡ ಎಂದ ಅಶ್ವತ್ಥ.

“ಬರಲ್ಲ ಬುಡಿ ಸಾರ್. ಆದ್ರೆ ಇವತ್ತಿನ್ ಬಗ್ಗಡಾನೂ ಕಳಿಸ್ಬೇಡಿ, ಇನ್ನೂ ಘಾಟದೆ.”

ಹೊರಗೆ ಡ್ರೈವರ್ ಆಗಲೇ ಬಗ್ಗಡ ತುಂಬಿದ ಗಾಡಿ ಸ್ಟಾರ್ಟ್ ಮಾಡಿದ್ದ. ಮಹದೇವು ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಹೋಗಿ ಟ್ಯಾಂಕರಿಗೆ ಅಡ್ಡ ನಿಂತ.