ಕಡಲು ಕಾಣುವ ಅಡುಗೆಮನೆ

ಮುಂಬೈಯಲ್ಲಿ ನಾನು ಕ್ರೇನ್ ಓಡಿಸುತ್ತಿದ್ದೆ. ಕೆಳಗೆ ಅಂಗಡಿಗಳು, ಅವುಗಳ ಮೇಲೆ ಆಫೀಸುಗಳು, ಎಲ್ಲಕ್ಕೂ ಮೇಲೆ ಮನೆಗಳು. ಇಡೀ ಊರನ್ನೇ ನೆಟ್ಟಗೆ ನಿಲ್ಲಿಸಿದಂಥ ಕಟ್ಟಡ. ಅದರ ಕಬ್ಬಿಣ ನನ್ನ ಕೊಕ್ಕೆಗೆ ನೇತುಕೊಂಡೇ ಮೇಲೇರಿದ್ದು. ಹೆಂಡತಿ ಕನಕಪುರದ ಕಡೆ, ಕೋಡಿಹಳ್ಳಿ ಹತ್ತಿರದ ನಮ್ಮೂರಲ್ಲಿ ಕುರಿ, ರಾಗಿ ಹೊಲ ನೋಡಿಕೊಂಡಿದ್ದಳು. ನಾನಿದ್ದ ಶೆಡ್ಡಿನಲ್ಲಿ ಗಂಡಸರೇ ಸಾಲಾಗಿ ಮಲಗುತ್ತಿದ್ದೆವು. ಅವಳನ್ನು ಕರೆತರಲು ಜಾಗವಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಕ್ಯಾಬಿನ್ನಿನಲ್ಲೇ ಕೂತು ಫೋನು ಮಾಡುತ್ತಿದ್ದೆ.

"ಅಲ್ಲಿಂದ ಏನ್ ಕಾಣ್ತದೆ?" ಎಂದು ಕೇಳುವಳು.

"ಸಮುದ್ರ."

"ನೆನ್ನೆನೂ ಅದೇ ಅಂದ್ರಲ್ಲ!"

ಕಟ್ಟಡ ತುದಿ ಮುಟ್ಟಿದಾಗ ಕಂಪನಿಯವರು ಕೆಲಸಗಾರರ ಮನೆಯವರನ್ನು ಒಂದು ದಿನ ನೋಡಲು ಕರೆದರು. ಅವಳು ಕುರಿಗಳನ್ನು ನಮ್ಮ ಅತ್ತಿಗೆಗೆ ಒಪ್ಪಿಸಿ ಒಬ್ಬಳೇ ರೈಲು ಹತ್ತಿ ಬಂದಳು. ಹೆಲ್ಮೆಟ್ಟು ಹಾಕಲು ತುರುಬು ಬಿಚ್ಚಬೇಕಾಯಿತು. ಲಿಫ್ಟು ಏರುವಾಗ ಕಣ್ಣು ಮುಚ್ಚಿ ನನ್ನ ತೋಳು ಹಿಡಿದವಳು ಮೇಲೆ ತಲುಪಿದ ಮೇಲೂ ಬಿಡಲಿಲ್ಲ.

ಉಳಿದವರೆಲ್ಲ ತಾರಸಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವಿಬ್ಬರೂ ಕೆಳಗಿನ ಮಹಡಿಗಿಳಿದು, ಇನ್ನೂ ಬಾಗಿಲು ಕೂರಿಸದ ಒಂದು ಮನೆಯೊಳಗೆ ಹೋದೆವು. ಅವಳು ಕೋಣೆ ಕೋಣೆ ಸುತ್ತಿ ಒಂದು ಕಡೆ ನಿಂತಳು.

"ಇದೇ ಅಡ್ಗೆಮನೆ. ನೀರಿನ ಪೈಪ್ ಐತೆ ನೋಡಿ. ಒಲೆ ಇಲ್ಲಿ ಮಡಗ್ಬೋದು. ಅಡ್ಗೆ ಮಾಡ್ತಾನೇ ಸಮುದ್ರ ನೋಡ್ಬೋದು."

ಸಿಮೆಂಟು ನೆಲದ ಮೇಲೆ ಕೂತು ಚೀಲ ಬಿಚ್ಚಿದಳು. ಊರಿಂದ ತಂದ ರಾಗಿ ಹುರಿಹಿಟ್ಟಿಗೆ ಬೆಲ್ಲ, ನೀರು ಹಾಕಿ ಕಲಸಿ, ಉಂಡೆ ಕಟ್ಟಿ ನನ್ನ ಕೈಗಿಟ್ಟಳು. "ತಿನ್ನಿ. ಬಡವಾಗ್ಬುಟ್ಟಿದ್ದೀರ."

ಊರಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಮಕ್ಕಳು ತುಂಬಿರುತ್ತಾರೆ. ಒಂದು ಮನೆಯಲ್ಲಿ ನಾವಿಬ್ಬರೇ ಇದ್ದದ್ದು ಅದೇ ಮೊದಲು. ಕಿಟಕಿ ಇನ್ನೂ ಕೂರಿಸದ ಕಂಡಿಯಿಂದ ಗಾಳಿ ಬೀಸುತ್ತಿತ್ತು.

"ನಮ್ಮೂರು ಯಾವ ಕಡೆ?"

ಕೈ ತೋರಿಸಿದೆ. ಆ ಕಡೆ ಸ್ವಲ್ಪ ಹೊತ್ತು ನೋಡಿ, ಆಮೇಲೆ ಬಂದು ನನ್ನ ಪಕ್ಕ ಗೋಡೆಗೊರಗಿದಳು.

"ಇಲ್ಲೇ ಇದ್ಬುಡಾನಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಕೈ ಹಿಡಿದುಕೊಂಡೆ.

ಮೇಲಿಂದ ಸೂಪರ್‌ವೈಸರ್ ಕೂಗಿದ. ಅವಳು ನೆಲಕ್ಕೆ ಉದುರಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. "ನಾಳೆ ಬರೋರು ಏನ್ ಅಂದ್ಕಂಡಾರು!"

ಅಂದೇ ಸಂಜೆ ಅವಳನ್ನು ರೈಲು ಹತ್ತಿಸಿದೆ. ರೈಲು ಹೋದ ಮೇಲೂ ಶೆಡ್ಡಿಗೆ ಹೋಗಲು ಮನಸ್ಸಾಗದೆ ಪ್ಲಾಟ್‌ಫಾರ್ಮಿನಲ್ಲೇ ಕೂತಿದ್ದೆ.

ಆ ಕೆಲಸ ಮುಗಿದ ಮೇಲೆ ನನಗೆ ಬೆಂಗಳೂರಿನ ಕನಕಪುರ ರಸ್ತೆಯಲ್ಲೇ ಕ್ರೇನ್ ಸಿಕ್ಕಿತು. ಪ್ರತಿ ಶನಿವಾರ ಊರಿನ ಬಸ್ಸು ಹತ್ತುತ್ತೇನೆ. ಹೊಲದ ಬದಿಯಲ್ಲಿ ನಮ್ಮದೇ ಎರಡು ಕೋಣೆಯ ಮನೆಯೂ ಆಗಿದೆ. ಆದರೂ ಮುದ್ದೆ ತಿರುವುತ್ತಾ ಅವಳು ಒಮ್ಮೊಮ್ಮೆ ಕೈ ನಿಲ್ಲಿಸುತ್ತಾಳೆ.

"ಆ ಸಮುದ್ರದ ಮನೆಗೆ ಯಾರು ಬಂದವ್ರೋ ಏನೋ!"

"ಯಾರಾದ್ರೂ ಬಂದಿರ್ತಾರೆ ಕಣಮ್ಮಿ."

"ಗಂಡ ಹೆಂಡ್ತಿ ಒಂದೇ ಕಡೆ ಇರೋರಾಗಿರ್ಲಿ," ಎನ್ನುತ್ತಾಳೆ.