ಸಾಹೇಬರಿಗೆ ಕೊಟ್ಟ ಗೋಲು

ಕುಷ್ಟಗಿಯ ಸಂತೆಯಲ್ಲಿ ಒಬ್ಬ ಎತ್ತಿನ ಕೊರಳಪಟ್ಟಿಗೆ ಹರಳೆಣ್ಣೆ ತಿಕ್ಕುತ್ತ ಕೂತಿದ್ದ. ತೊಗಲು, ಹರಳೆಣ್ಣೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಪ್ತಾನ ಬಂದು ಎದುರಿಗೆ ನಿಂತ. ವಾಸನೆಗಳಿಗೆ ಮರ್ಯಾದೆ ಇಲ್ಲ, ಬೇಡವಾದವರನ್ನೂ ಕರೆತರುತ್ತವೆ.

ನಮ್ಮ ಫುಟ್‌ಬಾಲಿಗೆ ಅವನು ಹೀಗೆಯೇ ಹರಳೆಣ್ಣೆ ಸವರಿ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ಚೆಂಡು ಅವನಪ್ಪ ಕೊಡಿಸಿದ್ದು. ಕಪ್ತಾನಗಿರಿಯೂ ಆ ಚೆಂಡಿನ ಜೊತೆಗೇ ಬಂದದ್ದು. ಯುದ್ಧದ ಕಾಲ, ನಿಜಾಮರ ಆಳ್ವಿಕೆ. ಕಲಬುರಗಿಯಲ್ಲಿ ಕಾಲೇಜು ಓದುತ್ತಿದ್ದ ಕೊಪ್ಪಳ ಸೀಮೆಯ ಹುಡುಗರೆಲ್ಲ ಬೇಸಿಗೆ ರಜೆಗೆ ಊರಿಗೆ ಬಂದಾಗ ಕಟ್ಟಿದ ತಂಡ ಅದು. ಉಳಿದವರು ಬರಿಗಾಲಲ್ಲಿ ಆಡಿದರೆ ಅವನೊಬ್ಬನ ಕಾಲಿಗೆ ಬೂಟು. ಅರ್ಧ ಆಟ ಮುಗಿದಾಗ ನಾವು ನೀರಿಗೆ ಓಡುತ್ತಿದ್ದೆವು, ಅವನು ಜೇಬಿನಿಂದ ಬಾಚಣಿಗೆ ತೆಗೆಯುತ್ತಿದ್ದ. ಬೇರೆ ಯಾರಾದರೂ ಗೋಲು ಹೊಡೆದರೆ ಜನ ಕೂಗುವ ಕಡೆಗೆ ತಾನು ಓಡಿಹೋಗಿ ಕೈಯೆತ್ತುತ್ತಿದ್ದ.

ಯಲಬುರ್ಗಾದಲ್ಲಿ ಗೆದ್ದೆವು. ಜೋಳ ಕೊಯ್ದ ಎರೆಹೊಲ, ಕೂಳೆ ಚುಚ್ಚಿ ಪಾದವೆಲ್ಲ ರಕ್ತ... ಹಾಗೆಂದು ಬರೆದೆ, ಆದರೆ ಆ ರಕ್ತ ನನಗೆ ನಿಜವಾಗಿ ನೆನಪಿಲ್ಲ. ಬರಿಗಾಲು, ಕೂಳೆ ಎಂದಮೇಲೆ ರಕ್ತ ಇರಬೇಕು ಎಂದು ಈಗ ಕೈ ತಾನೇ ಬರೆಯುತ್ತದೆ. ಕುಷ್ಟಗಿಯಲ್ಲಿಯೂ ಗೆದ್ದೆವು. ಉಳಿದದ್ದು ಗಂಗಾವತಿಯ ಪಂದ್ಯ. ಅಲ್ಲಿ ಗೆದ್ದವರು ಜಿಲ್ಲೆಯ ಪಂದ್ಯಗಳಿಗೆ ರಾಯಚೂರಿಗೆ ಹೋಗಬಹುದಿತ್ತು.

ರಾಯಚೂರು ನಮಗೆಲ್ಲ ಒಂದು ರೈಲು ಪ್ರಯಾಣ, ಅಷ್ಟೇ. ಅವನಿಗೆ ಹಾಗಲ್ಲ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಕಾಲೇಜಿನಿಂದ ಹೆಸರು ಹೋಗಿತ್ತು. ನಮ್ಮ ಕಾಲೇಜಿನ ಆಟದ ಮೇಷ್ಟ್ರು ರಾಯಚೂರಿಗೆ ಬರುವವರಿದ್ದರು. ಅಲ್ಲಿ ಚೆನ್ನಾಗಿ ಆಡಿ ತೋರಿಸಿದರೆ ಪ್ರಿನ್ಸಿಪಾಲರಿಗೆ ಹೇಳಿ ಮತ್ತೆ ಕಾಲೇಜಿಗೆ ಸೇರಿಸುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದರು. ಕೊಪ್ಪಳದಲ್ಲಿ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿ ಇಟ್ಟಿದ್ದ ಅವನಪ್ಪ ನಮ್ಮೆದುರಿಗೇ ಅವನಿಗೆ ಹೇಳಿದ್ದರು: "ರಾಯಚೂರಿಗೆ ಹೋದ್ಯೋ, ಕಾಲೇಜು. ಇಲ್ಲಂದ್ರ ಸುಮ್ನ ಬಂದು ಅಂಗಡಿ ಗಾದಿ ಮ್ಯಾಲ ಕುಂದ್ರು. ನಂಗೂ ವಯಸ್ಸಾತು."

ಗಂಗಾವತಿಯಲ್ಲಿ ನಮಗೆ ಎದುರಾದದ್ದು ತಹಸೀಲ್ ಕಚೇರಿಯ ತಂಡ. ಗುಮಾಸ್ತರು, ಪೊಲೀಸರು, ಮುಂದೆ ನಿಂತು ಆಡಲು ಸ್ವತಃ ತಹಸೀಲ್ದಾರ ಸಾಹೇಬರು. ಸಾಹೇಬರಿಗೆ ಹೊಟ್ಟೆ ಬಂದಿತ್ತು, ಉಸಿರು ಬರುತ್ತಿರಲಿಲ್ಲ. ಆ ತಂಡವನ್ನು ಸೋಲಿಸಲು ನಮ್ಮಲ್ಲಿ ಆರು ಜನ ಸಾಕಿತ್ತು. ಪೆಟ್ರೋಲು ಸಿಗದ ಆ ದಿನಗಳ ಇದ್ದಿಲಿನ ಬಸ್ಸು ಇಳಿದು ಮೈದಾನಕ್ಕೆ ನಡೆಯುವಾಗ ಕಪ್ತಾನ ನಮ್ಮನ್ನೆಲ್ಲ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದ.

"ಮೊದಲ್ನೇ ಗೋಲು ಸಾಹೇಬರಿಗೆ ಬಿಡ್ರಿ," ಎಂದ. "ನಜರಾನಾ ಅಂತ ತಿಳೀರಿ."

ಆಗಿನ ಪದ್ಧತಿ ಹಾಗಿತ್ತು. ಹಬ್ಬದ ದಿನ ಊರಿನ ದೊಡ್ಡ ಮಂದಿ ಅಧಿಕಾರಿಯ ಮನೆಗೆ ಹೋಗಿ, ಅಂಗೈ ಮೇಲೆ ಕರವಸ್ತ್ರ ಹಾಸಿ, ಅದರ ಮೇಲೆ ಬೆಳ್ಳಿ ರೂಪಾಯಿ ಇಟ್ಟು ಮುಂದೆ ಚಾಚುತ್ತಿದ್ದರು. ಸಾಹೇಬರು ಬೆರಳ ತುದಿಯಿಂದ ಅದನ್ನು ಮುಟ್ಟಿ, ಮುಟ್ಟಿದ್ದೇ ಮಾನವೆಂದು ವಾಪಸು ಕೊಡುತ್ತಿದ್ದರು. ವರ್ಷವರ್ಷವೂ ಅಪ್ಪನ ಹಿಂದೆ ನಿಂತು ಕಪ್ತಾನ ಇದನ್ನು ನೋಡಿದ್ದ. ಲೋಕವೆಲ್ಲ ನಡೆಯುವುದು ಹೀಗೆಯೇ ಎಂದು ನಂಬಿದ್ದ.

ಗೋಲು ಕಾಯುವ ನಮ್ಮ ಗೋಲಿ ಕೊಪ್ಪಳದ ಸಿಂಪಿಗರ ಹುಡುಗ, ಬಾಯಿ ಜೋರು. "ಅಲ್ಲೋ ದೋಸ್ತ, ರೂಪಾಯಿ ಮುಟ್ಟಿ ವಾಪಸ್ ಕೊಡಬೌದು. ಗೋಲು ಹೆಂಗ ವಾಪಸ್ ಕೊಡ್ತಾರ?" ಎಂದ.

"ತಾವೂ ಒಂದು ಬಿಡ್ತಾರ. ಆಮ್ಯಾಲ ನಾವು ನಮ್ಮ ಆಟ ಆಡೂದು. ದೊಡ್ಡವರ ರೀತಿ ನಿನಗೇನು ಗೊತ್ತೈತಿ?"

"ನಾ ಹಿಡೀತೀನಿ ನೋಡು."

"ಹಿಡದ್ರ ಬಾಲ್ ತಗೊಂಡು ಬಸ್ ಹತ್ತತೀನಿ."

ಚೆಂಡು ಅವನದು. ಎಲ್ಲರೂ ಮೈದಾನಕ್ಕೆ ನಡೆದೆವು.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕಪ್ತಾನ ಚೆಂಡನ್ನು ನಮ್ಮ ಗೋಲಿನ ಕಡೆಗೇ ತಂದು, ಸಾಹೇಬರ ಕಾಲ ಬಳಿ ಮೆಲ್ಲಗೆ ತಳ್ಳಿದ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಸಾಹೇಬರು ಒದ್ದರು. ಚೆಂಡು ಉರುಳಿತು ಎನ್ನುವುದಕ್ಕಿಂತ ನಡೆಯಿತು ಎನ್ನಬೇಕು. ಗೋಲಿ ಸೊಂಟದ ಮೇಲೆ ಕೈಯಿಟ್ಟು ಅದು ಒಳಗೆ ಹೋಗುವುದನ್ನು ನೋಡಿದ. ಕಪ್ತಾನ ಮೈದಾನದ ನಡುವೆ ಬಗ್ಗಿ ಸಲಾಮು ಮಾಡಿದ. ಅದನ್ನು ಮಾತ್ರ ನಾನು ಕಲ್ಪಿಸಿಕೊಂಡಿಲ್ಲ, ಕಲ್ಪಿಸಿಕೊಳ್ಳುವಷ್ಟು ಹೇಸಿಗೆ ಬುದ್ಧಿ ನನಗಿಲ್ಲ.

ಆಮೇಲೆ ಅವನು ಕಾದ. ಚೆಂಡು ಸಿಕ್ಕಾಗಲೆಲ್ಲ ಅವರ ಗೋಲಿನ ತನಕ ಓಡಿ, ಅಲ್ಲಿ ನಿಂತು ಸಾಹೇಬರ ಮುಖ ನೋಡುತ್ತಿದ್ದ, ಈಗ ದಾರಿ ಬಿಡಿಸುತ್ತಾರೆ ಎಂದು. ಅಷ್ಟರಲ್ಲಿ ಯಾವನೋ ಪೊಲೀಸಿನವನ ಕಾಲು ಬಂದು ಚೆಂಡನ್ನು ಕಿತ್ತುಕೊಂಡು ಹೋಗುತ್ತಿತ್ತು. ಕಪ್ತಾನ ನಮಗೆ ಚೆಂಡು ಕೊಡಲಿಲ್ಲ. "ತಡೀರ್ಲೇ, ಕೊಡ್ತಾರ, ಕೊಡ್ತಾರ," ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಆಟ ಮುಗಿದ ಸೀಟಿ ಊದಿಬಿಟ್ಟರು, ಆ ಒಂದೇ ಗೋಲಿನಿಂದ ಸೋತೆವು.

ಬೆವರು ಒರೆಸುತ್ತ ಸಾಹೇಬರೇ ನಮ್ಮ ಹತ್ತಿರ ಬಂದರು. ಕಪ್ತಾನನ ಬೆನ್ನು ತಟ್ಟಿದರು. "ಬೇಜಾರ್ ಮಾಡ್ಕೋಬ್ಯಾಡ ಬೇಟಾ. ನಿಮ್ಮ ಗೋಲಿ ಇನ್ನಾ ಸಣ್ಣಾವ ಅದಾನ. ನಂದು ಕಿಕ್ ಹೈದರಾಬಾದಿನಾಗೂ ಯಾರೂ ಹಿಡದಿಲ್ಲ."

ಆಗ ತಿಳಿಯಿತು. ನಜರಾನೆ ಬಂದದ್ದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ವಾಪಸು ಕೊಡುವುದು ಹೇಗೆ? ಒಂದು ಮಾತು ಹೇಳಬಹುದಿತ್ತು ಕಪ್ತಾನ. ಅವನ ಕಾಲೇಜು, ಅವನ ಮುಂದಿನ ಬದುಕು ಅಲ್ಲಿ ಆ ಧೂಳಿನಲ್ಲಿ ಬಿದ್ದಿತ್ತು. ಅವನು ಕೈಮುಗಿದು, "ಹೌದ್ರಿ ಹುಜೂರ್, ಜಬರ್ದಸ್ತ್ ಕಿಕ್!" ಎಂದ.

ಬಸ್ಸಿನಲ್ಲಿ ಗೋಲಿ ಬಿಡಲಿಲ್ಲ. "ರಶೀದಿನಾದ್ರೂ ಇಸ್ಕೋಬೇಕಿತ್ತಲ್ಲೋ," ಎಂದ. ಎಲ್ಲರೂ ನಕ್ಕೆವು. ಕಪ್ತಾನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವನು ಕೊಪ್ಪಳದ ಕೋಟೆಗುಡ್ಡ ಕಾಣುವ ಹೊತ್ತಿಗೆ ತಿರುಗಿ, "ನೀವು ಯಾರೂ ಮನಸಿಟ್ಟು ಆಡ್ಲಿಲ್ಲ," ಎಂದ. ಮುಂದಿನ ವಾರವೇ ಅಂಗಡಿಯ ಗಾದಿ ಹತ್ತಿದ. ಮತ್ತೆ ಇಳಿಯಲಿಲ್ಲ.

ನಿಜಾಮರ ಆಳ್ವಿಕೆ ಮುಗಿಯಿತು. ಆಮೇಲೆ ಈ ಕಥೆ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿಕೊಳ್ಳತೊಡಗಿತು. ಕಪ್ತಾನ ಸಾಹೇಬರಿಗೆ ಬಗ್ಗಲಿಲ್ಲವಂತೆ. ಸಲಾಮು ಹೊಡಿ ಎಂದರೆ ಹೊಡೆಯಲಿಲ್ಲವಂತೆ. ಅದಕ್ಕೇ ಮೋಸದಿಂದ ಸೋಲಿಸಿದರಂತೆ, ಕಾಲೇಜು ಬಿಡಿಸಿದರಂತೆ. ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ. ಸಭೆಗಳಲ್ಲಿ ಅವನಿಗೆ ಮುಂದಿನ ಕುರ್ಚಿ, ಕೊರಳಿಗೆ ಹಾರ. ನನ್ನನ್ನು ಕಂಡರೆ ಮಾತ್ರ ಮಾತು ನಿಲ್ಲಿಸಿ, "ಏ, ಇವರಿಗೆ ಚಾ ತರ್ರಿ," ಎನ್ನುತ್ತಿದ್ದ. ಆ ಚಹಾ ನಾನು ಕುಡಿಯುತ್ತಿದ್ದೆ. ಒಳಗೊಳಗೇ ಅವನನ್ನು ತುಚ್ಛವಾಗಿ ಕಾಣುತ್ತ ನಿಧಾನವಾಗಿ ಕುಡಿಯುತ್ತಿದ್ದೆ. ಅದೊಂದು ಸುಖವಾಗಿತ್ತು, ನಿಜ ಹೇಳಬೇಕೆಂದರೆ...

ತಂಡದ ಒಬ್ಬೊಬ್ಬರೇ ಹೋದರು. ಗೋಲಿಯೂ ಹೋದ. ಹೋದ ತಿಂಗಳು ಕಪ್ತಾನ. ಅಂಗಡಿಯ ಎದುರಿಗೆ ಶಾಮಿಯಾನ ಹಾಕಿ ಸಂತಾಪ ಸಭೆ ಮಾಡಿದರು. ಅವನ ಮೊಮ್ಮಗ ಬಂದು ನನ್ನ ಕೈ ಹಿಡಿದುಕೊಂಡ. "ಅಜ್ಜಾರ, ನೀವೂ ಆ ಮ್ಯಾಚ್‌ನ್ಯಾಗ ಆಡೀರಂತ. ನಮ್ಮಜ್ಜ ಸಲಾಮು ಹೊಡೀಲಿಲ್ಲ ಅನ್ನೂದು ನೀವು ಕಣ್ಣಾರೆ ಕಂಡೀರಿ. ನಾಕು ಮಾತು ಹೇಳ್ರಿ."

ಎದ್ದು ನಿಂತೆ. ಬಗ್ಗಿದ ಆ ಬೆನ್ನು ಕಣ್ಣ ಮುಂದೆ ಇತ್ತು. ಅದು ಬಗ್ಗಿತ್ತು ಎಂದು ಬಲ್ಲವರು ಕೊನೆಗೆ ಇಬ್ಬರೇ ಉಳಿದಿದ್ದೆವು, ನಾನು ಮತ್ತು ಅವನು. ಎಷ್ಟು ಸುಳ್ಳು ಹೇಳಿದರೂ ನನ್ನನ್ನು ಕಂಡೊಡನೆ ಅವನ ಮಾತು ನಿಲ್ಲುತ್ತಿತ್ತಲ್ಲ, ಅದೇ ನನಗಿದ್ದ ಒಂದೇ ಪುರಾವೆ. ಈಗ ಮಾತು ನಿಲ್ಲಿಸುವವನೂ ಇಲ್ಲ.

"ಅವನು ಛಲೋ ಆಡುತ್ತಿರಲಿಲ್ಲ," ಎಂದೆ. ಜನ ವಿನೋದವೆಂದು ತಿಳಿದು ಚಪ್ಪಾಳೆ ತಟ್ಟಿದರು.