ವೀರಮ್ಮನ ಮೂರು ತಿಂಗಳ ರಜೆ

ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ವೀರಮ್ಮ ಒಂಬತ್ತು ವರ್ಷ ಹೆರಿಗೆ ಮಾಡಿಸಿದ್ದರು. ಡಾಕ್ಟರು ವರ್ಗವಾಗಿ ಹೋದರೆ ಇನ್ನೊಬ್ಬರು ಬರಲು ಆರೇಳು ತಿಂಗಳು ಹಿಡಿಯುತ್ತಿತ್ತು. ೧೯೭೨ರಲ್ಲಿ, ರಕ್ತ ನಿಲ್ಲಿಸುವ ಇಂಜೆಕ್ಷನ್ ಮುಗಿದುಹೋಗಿದ್ದಾಗ, ಒಬ್ಬ ಬಾಣಂತಿ ಅವರ ಕಣ್ಣೆದುರಿಗೇ ತೀರಿಕೊಂಡಳು. ವೀರಮ್ಮನಿಗೆ ಊಟ ಸೇರದಾಯಿತು, ನಿದ್ದೆ ಬಾರದಾಯಿತು. ಮೂರು ತಿಂಗಳು ರಜೆ ಹಾಕಿ, ಹುಣಸೂರಿನ ಡಾಕ್ಟರ್ ನಂಜುಂಡಸ್ವಾಮಿಯವರ ಖಾಸಗಿ ನರ್ಸಿಂಗ್ ಹೋಮಿಗೆ ಸೇರಿದರು. ಹೊಂದಿಕೊಂಡರೆ ಸರ್ಕಾರಿ ಕೆಲಸ ಬಿಟ್ಟೇಬಿಡುವ ಯೋಚನೆಯಿತ್ತು.

ಅಲ್ಲಿ ಬೀರು ತೆರೆದರೆ ಬೇಕಾದ ಔಷಧಿ. ಹಾಸಿಗೆಗೆಲ್ಲ ಒಗೆದ ದುಪ್ಪಟಿ. ಡಾಕ್ಟರೂ ಒಳ್ಳೆಯವರೇ, ರೋಗಿ ಹೇಳುವುದನ್ನು ಪೂರ್ತಿ ಕೇಳುತ್ತಿದ್ದರು. ವೀರಮ್ಮನಿಗೆ ಮತ್ತೆ ನಿದ್ದೆ ಬರತೊಡಗಿತು.

ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹೊರಗೆ ಬಂದವರು ಎದುರಿನ ಹೊಂಗೆಮರದ ಕೆಳಗೆ ಗುರುತಿನ ಮುಖ ಕಂಡು ನಿಂತರು. ಕೋಟೆ ಕಡೆಯ ಗಿರಿಜನರ ಹಾಡಿಯ ಚೆನ್ನಿ, ಎಂಟು ತಿಂಗಳ ಬಸುರಿ. ಪಕ್ಕದಲ್ಲಿ ಗಂಡ ಕೇತ. ಅವಳ ಕಾಲು, ಮುಖ ಊದಿಕೊಂಡಿದ್ದವು.

"ಯಾವಾಗ ಬಂದ್ರಿ? ಒಳಗೆ ಬರಬಾರದಾ?"

"ಬೆಳಿಗ್ಗೆನೇ ಬಂದೋ ನರ್ಸಮ್ಮ. ಒಳಗೆಲ್ಲಾ ದೊಡ್ಡೋರು ಕುರ್ಚಿ ಮ್ಯಾಲೆ ಕೂತವ್ರೆ, ನಾವೆಂಗೆ ಬರಾದು?" ಎಂದ ಕೇತ. "ನಮ್ಮಾಸ್ಪತ್ರೆಲಿ ನೀವಿಲ್ಲ. ಅದ್ಕೇ ಹುಡುಕ್ಕೊಂಡು ಬಂದೋ."

ವೀರಮ್ಮ ಚೆನ್ನಿಯ ಕೈ ಹಿಡಿದು ಒಳಗೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿ, "ಬಿ.ಪಿ. ತುಂಬಾ ಜಾಸ್ತಿ ಇದೆ. ಇದು ನನ್ನ ಕೈಲಾಗೋದಲ್ಲ. ಮೈಸೂರಿನ ಸರ್ಕಾರಿ ದೊಡ್ಡಾಸ್ಪತ್ರೆಗೇ ಹೋಗಬೇಕು," ಎಂದರು. ಫೀಸಿನ ಮಾತೆತ್ತಲಿಲ್ಲ. ತಮ್ಮ ಕಾರನ್ನೇ ಕಳಿಸಿದರು. ವೀರಮ್ಮನೂ ಜೊತೆಗೆ ಹೋದರು. ಹದಿನೆಂಟು ದಿನದ ಮೇಲೆ ಅಲ್ಲಿ ಚೆನ್ನಿಗೆ ಹೆಣ್ಣು ಮಗು ಹುಟ್ಟಿತು. ಬಡಕಲು ಕೂಸು, ಆದರೂ ಉಳಿಯಿತು.

ರಜೆ ಮುಗಿಯುವ ಮೊದಲೇ ವೀರಮ್ಮ ಹೊರಟು ನಿಂತಾಗ ಡಾಕ್ಟರು ಕೇಳಿದರು, "ಇಲ್ಲೇನು ಕಮ್ಮಿಯಾಯ್ತು ವೀರಮ್ಮ?"

"ಏನೂ ಕಮ್ಮಿಯಿಲ್ಲ ಸಾರ್. ನಾನಿಲ್ದಿದ್ರೂ ಇಲ್ಲಿಗೆ ಬರೋರು ಬತ್ತಾರೆ. ನಾನಿಲ್ದಿದ್ರೆ ಹಾಡಿಯೋರು ನಮ್ಮಾಸ್ಪತ್ರೆಗೆ ಬರಾಕಿಲ್ಲ."

ಊರಿಗೆ ಹೋಗುವ ಬಸ್ಸು ಹತ್ತಲಿಲ್ಲ. ನೇರ ಮೈಸೂರಿಗೆ ಹೋಗಿ ಆರೋಗ್ಯಾಧಿಕಾರಿಯ ಮೇಜಿನ ಮುಂದೆ ತಮ್ಮ ಆಸ್ಪತ್ರೆಗೆ ಬೇಕಾದ ಔಷಧಿಗಳ ಪಟ್ಟಿ ಇಟ್ಟರು. "ಅರ್ಜಿ ಕೊಟ್ಟು ಹೋಗಮ್ಮ," ಎಂದರು ಅವರು.

"ಮೂರು ಅರ್ಜಿ ಕೊಟ್ಟಿದ್ದೆ ಸಾರ್. ಒಂದು ಹೆಂಗಸು ಸತ್ತಳು. ಇವತ್ತು ಸೈನ್ ಹಾಕೋಗಂಟ ನಾನು ಏಳಾಕಿಲ್ಲ."

ಹಿಂದೆಂದೂ ಮೇಲಿನವರಿಗೆ ಎದುರು ಮಾತಾಡಿದವರಲ್ಲ. ಎದುರಿನ ಕುರ್ಚಿಯಲ್ಲಿ ಕೂತೇ ಇದ್ದರು. ಸಂಜೆ ಐದಕ್ಕೆ ಸಹಿ ಬಿತ್ತು. ಕೇಳಿದ್ದರಲ್ಲಿ ಅರ್ಧ ಮಾತ್ರ ಸಿಕ್ಕಿತು. ಆ ಔಷಧಿಯ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೋಟೆಯ ಕಡೆ ಬಸ್ಸಿನಲ್ಲಿ ಕೂತರು.